ಡೀ ನದಿಯಲ್ಲಿ ಮೂರು ದಿನ, ಎರಡು ಗಾಳ: ಸಾಲ್ಮನ್ ಸಿಗುವ ಸಾಧ್ಯತೆ ಎಷ್ಟು, ಖರ್ಚು ಎಷ್ಟು?

ಪ್ರಕರಣ ಇದು. ಲಂಡನ್ನಿನಲ್ಲಿರುವ ಇಬ್ಬರು ಗೆಳೆಯರು ಮೇ ತಿಂಗಳ ನಡುವಿನಲ್ಲಿ ಸ್ಕಾಟ್ಲೆಂಡಿನ ಡೀ ನದಿಗೆ ಹೋಗಿ ಸೋಮವಾರ, ಮಂಗಳವಾರ, ಬುಧವಾರ ಗಾಳ ಹಾಕಬೇಕೆಂದಿದ್ದಾರೆ. ಒಬ್ಬರಿಗೆ ನಾಲ್ಕೈದು ವರ್ಷದ ಅನುಭವವಿದೆ, ಸ್ವಂತ ಸಲಕರಣೆ ಇದೆ. ಇನ್ನೊಬ್ಬರು ಎರಡು ಕೈಯಲ್ಲಿ ಹಿಡಿಯುವ ಉದ್ದನೆ ರಾಡನ್ನು ಇದುವರೆಗೆ ಮುಟ್ಟಿಲ್ಲ. ಅವರ ಮುಂದಿರುವ ಪ್ರಶ್ನೆಗಳು ಎರಡೇ: ಒಂದಾದರೂ ಸಾಲ್ಮನ್ ಸಿಗುತ್ತದೆಯೇ, ಒಟ್ಟು ಎಷ್ಟು ದುಡ್ಡು ಹೋಗುತ್ತದೆ? ಪರ್ಮಿಟ್ಟಿನ ದರ ನೋಡಿ ಎರಡಕ್ಕೂ ಉತ್ತರ ಸಿಕ್ಕಿತೆಂದು ಬಹಳ ಜನ ಭಾವಿಸುತ್ತಾರೆ. ಅಲ್ಲಿಯೇ ಲೆಕ್ಕ ತಪ್ಪುತ್ತದೆ.

ನದಿ ಮತ್ತು ಅದರ ಕಾನೂನು

ಡೀ ಹುಟ್ಟುವುದು ಕೇರ್ನ್‌ಗಾರ್ಮ್ ಬೆಟ್ಟಗಳ ನೆತ್ತಿಯಲ್ಲಿ, ಸುಮಾರು 1,220 ಮೀಟರ್ ಎತ್ತರದಲ್ಲಿ. ಬ್ರೇಮಾರ್, ಬಾಲ್ಮೋರಲ್, ಬ್ಯಾಲಟರ್, ಅಬಾಯ್ನ್, ಬ್ಯಾಂಕರಿ ಊರುಗಳನ್ನು ದಾಟಿ, ಸುಮಾರು 140 ಕಿಲೋಮೀಟರ್ ಹರಿದು ಅಬರ್ಡೀನ್‌ನಲ್ಲಿ ಸಮುದ್ರ ಸೇರುತ್ತದೆ. ಎ93 ರಸ್ತೆ ಹೆಚ್ಚೂಕಡಿಮೆ ಉದ್ದಕ್ಕೂ ಅದರ ಪಕ್ಕದಲ್ಲೇ ಸಾಗುತ್ತದೆ. ನೀರು ಕನ್ನಡಿಯಂತೆ ತಿಳಿ. ಬೆಟ್ಟದ ಹಿಮ ಕರಗುವುದರಿಂದ ಮೇ ತಿಂಗಳಲ್ಲೂ ತಣ್ಣಗಿರುತ್ತದೆ. ಸ್ಕಾಟ್ಲೆಂಡಿನ ದೊಡ್ಡ ಸಾಲ್ಮನ್ ನದಿಗಳಲ್ಲಿ ಡೀ ವಸಂತದ ಮೀನಿಗೆ ಹೆಸರಾದದ್ದು: ಸಮುದ್ರದಲ್ಲಿ ಎರಡು ಚಳಿಗಾಲ ಕಳೆದು, ಎಂಟರಿಂದ ಹನ್ನೆರಡು ಪೌಂಡ್ ತೂಗುವ, ಬೆಳ್ಳಿಯಂತೆ ಹೊಳೆಯುವ ಮೀನುಗಳು ಫೆಬ್ರವರಿಯಿಂದಲೇ ಏರತೊಡಗಿ ಏಪ್ರಿಲ್, ಮೇ ವೇಳೆಗೆ ನದಿಯ ನಡುಭಾಗವನ್ನು ತುಂಬುತ್ತವೆ.

ಇಂಗ್ಲೆಂಡಿನಲ್ಲಿ ಗಾಳ ಹಾಕಲು ಸರ್ಕಾರಿ ಲೈಸೆನ್ಸ್ ಬೇಕು. ಸ್ಕಾಟ್ಲೆಂಡಿನಲ್ಲಿ, ಗಡಿಯ ಎಸ್ಕ್ ನದಿಯೊಂದನ್ನು ಬಿಟ್ಟರೆ, ಅಂಥ ಲೈಸೆನ್ಸ್ ಇಲ್ಲ. ಹಾಗೆಂದು ಯಾರು ಬೇಕಾದರೂ ಇಳಿಯಬಹುದು ಎಂದಲ್ಲ. ಅಲ್ಲಿ ಸಾಲ್ಮನ್ ಹಿಡಿಯುವ ಹಕ್ಕೇ ಒಂದು ಆಸ್ತಿ. ಪಕ್ಕದ ಜಮೀನಿನಿಂದ ಬೇರೆಯಾಗಿ ಅದನ್ನು ಮಾರಬಹುದು, ಮಕ್ಕಳಿಗೆ ಬಿಡಬಹುದು. ಆ ಹಕ್ಕುದಾರರ ಅನುಮತಿ ಪತ್ರವಿಲ್ಲದೆ ಸಾಲ್ಮನ್‌ಗೆ ಗಾಳ ಹಾಕುವುದು ಅಪರಾಧ. ನದಿಯನ್ನು ತುಂಡು ತುಂಡಾಗಿ ಹಂಚಿಕೊಂಡಿರುತ್ತಾರೆ. ಒಂದೊಂದು ತುಂಡಿಗೂ ಬೀಟ್ ಎಂದು ಹೆಸರು. ಒಂದು ಬೀಟ್‌ನಲ್ಲಿ ದಿನಕ್ಕೆ ಇಷ್ಟೇ ಗಾಳ ಎಂಬ ಮಿತಿ ಇರುತ್ತದೆ. ಮೂರು, ನಾಲ್ಕು, ಕೆಲವೆಡೆ ಆರು.

ಡೀ ಋತು ಫೆಬ್ರವರಿ 1ರಿಂದ ಅಕ್ಟೋಬರ್ 15ರವರೆಗೆ. ಭಾನುವಾರ ಸ್ಕಾಟ್ಲೆಂಡಿನ ಯಾವ ನದಿಯಲ್ಲೂ ಸಾಲ್ಮನ್‌ಗೆ ಗಾಳ ಹಾಕುವಂತಿಲ್ಲ. ವಾರಾಂತ್ಯವೇ ಅನುಕೂಲ ಎಂದು ಶನಿವಾರ ರಾತ್ರಿ ಬಂದಿಳಿದರೆ ಒಂದು ದಿನ ಕೈಕಟ್ಟಿ ಕೂರಬೇಕಾಗುತ್ತದೆ. ಏಪ್ರಿಲ್ 1ಕ್ಕೆ ಮೊದಲು ಹಿಡಿದ ಮೀನನ್ನು ಬಿಡುವುದು ದೇಶವಿಡೀ ಕಡ್ಡಾಯ. ಆಮೇಲಿನದ್ದು ಆಯಾ ನದಿಗೆ ಆ ವರ್ಷ ಸಿಕ್ಕ ದರ್ಜೆಯ ಮೇಲೆ. 2016ರಿಂದ ಪ್ರತಿ ನದಿಗೂ ಒಂದು, ಎರಡು, ಮೂರು ಎಂದು ದರ್ಜೆ ಕೊಡುತ್ತಾರೆ, ಮೂರಾದರೆ ಒಂದು ಮೀನನ್ನೂ ಇಟ್ಟುಕೊಳ್ಳುವಂತಿಲ್ಲ. ಡೀಯಲ್ಲಿ ಈ ದರ್ಜೆ ನೋಡುವ ಅಗತ್ಯವೇ ಇಲ್ಲ. ಹಿಡಿದ ಸಾಲ್ಮನ್‌ಗಳನ್ನೆಲ್ಲ ನೀರಿಗೇ ಬಿಡಬೇಕೆಂಬುದು ನದಿಯವರೇ ಮಾಡಿಕೊಂಡ ಕಟ್ಟುಪಾಡು, ಗಾಳವೂ ಫ್ಲೈ ಮಾತ್ರ. ಫ್ಲೈ ಅಂದರೆ ಕೊಕ್ಕೆಗೆ ಗರಿ, ರೋಮ, ಮಿನುಗುದಾರ ಕಟ್ಟಿದ ಹುಸಿನೊಣ. ಎರೆಹುಳು, ಸೀಗಡಿ, ತಿರುಗುವ ತಗಡು ಇವಕ್ಕೆ ಅವಕಾಶವಿಲ್ಲ. ಮೀನು ಮನೆಗೆ ಬರುವುದಿಲ್ಲ ಎಂದು ಇಬ್ಬರೂ ಮೊದಲೇ ಒಪ್ಪಿಕೊಂಡಿರಬೇಕು.

ಮೇ ನಡುವೆಯೇ ಏಕೆ

ಫೆಬ್ರವರಿ, ಮಾರ್ಚ್‌ನಲ್ಲಿ ಪರ್ಮಿಟ್ ಅಗ್ಗ. ಆದರೆ ನೀರು ಮೂರು ನಾಲ್ಕು ಡಿಗ್ರಿಯಲ್ಲಿರುತ್ತದೆ. ಮುಳುಗುವ ಭಾರದ ಲೈನಿಗೆ ಎರಡಿಂಚಿನ ಟ್ಯೂಬ್ ಫ್ಲೈ, ಅಂದರೆ ಕೊಳವೆಯ ಮೇಲೆ ಕಟ್ಟಿದ ಫ್ಲೈ, ಕಟ್ಟಿ ಎಸೆಯಬೇಕು. ಹೊಸಬರ ಭುಜಕ್ಕೂ ಹಿಂದಲೆಗೂ ಅದು ಅಪಾಯ. ಸಾಲದ್ದಕ್ಕೆ ಆಗ ಗಾಳಕ್ಕೆ ಬೀಳುವುದು ಬಹುಪಾಲು ಕೆಲ್ಟ್‌ಗಳು, ಅಂದರೆ ಹಿಂದಿನ ಚಳಿಗಾಲ ಮೊಟ್ಟೆಯಿಟ್ಟು ಬಸವಳಿದು ಸಮುದ್ರಕ್ಕೆ ಮರಳುತ್ತಿರುವ ಮೀನುಗಳು. ಅವೂ ಮೇಲ್ನೋಟಕ್ಕೆ ಬೆಳ್ಳಗಿರುವುದರಿಂದ ಹೊಸಬರು ಹಿಗ್ಗಿಬಿಡುತ್ತಾರೆ. ಒಣಕಲು ಮೈ, ದೇಹಕ್ಕೆ ಹೋಲಿಸಿದರೆ ದೊಡ್ಡ ತಲೆ, ಸವೆದ ಬಾಲ, ಕಿವಿರಿನೊಳಗೆ ಅಂಟಿಕೊಂಡ ಬಿಳಿ ಹುಳು: ಇವು ಕಂಡರೆ ಅದು ಕೆಲ್ಟ್. ಹೊಸ ಮೀನಿನ ಬಾಲದ ಬುಡದಲ್ಲಿ ಕಡಲ ಹೇನು ಇರಬಹುದು. ಸಿಹಿನೀರಿಗೆ ಬಂದ ಕೆಲವೇ ದಿನಗಳಲ್ಲಿ ಆ ಹೇನು ಉದುರುವುದರಿಂದ ಮೀನು ಎಷ್ಟು ತಾಜಾ ಎಂಬುದಕ್ಕೆ ಅದೇ ಸಾಕ್ಷಿ.

ಜೂನ್ ಕಳೆದರೆ ಗ್ರಿಲ್ಸ್, ಅಂದರೆ ಒಂದೇ ಚಳಿಗಾಲ ಕಳೆದು ಬರುವ ಸಣ್ಣ ಮೀನುಗಳು ಬರುತ್ತವೆ ನಿಜ. ಆದರೆ ನೀರು ಇಳಿದು ಬಿಸಿಯಾಗುತ್ತದೆ. 20 ಡಿಗ್ರಿ ಸಮೀಪಿಸಿದರೆ ಸಾಲ್ಮನ್‌ಗೆ ಉಸಿರೇ ಕಷ್ಟ. ಅಂಥ ನೀರಿನಲ್ಲಿ ಆಡಿಸಿದ ಮೀನು ಬಿಟ್ಟ ಮೇಲೂ ಸಾಯಬಹುದು, ಆದ್ದರಿಂದ ಗಾಳ ಎತ್ತಿಡುವುದೇ ಸರಿ. ಮೇ ನಡುವಿನಲ್ಲಿ ನೀರು ಸಾಮಾನ್ಯವಾಗಿ 8ರಿಂದ 12 ಡಿಗ್ರಿ. 10 ದಾಟಿತೆಂದರೆ ತೇಲುವ ಲೈನ್, ಸಣ್ಣ ಫ್ಲೈ ಸಾಕು ಎಂಬುದು ಹಳೆಯ ನಿಯಮ. ಇದನ್ನು ಬೆಳೆಸಿದ್ದೇ ಡೀ. ಕೇರ್ನ್‌ಟನ್ ಬೀಟ್‌ನಲ್ಲಿ ಆರ್ಥರ್ ವುಡ್ ಎಂಬವರು ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ರೇಷ್ಮೆ ಲೈನಿಗೆ ಜಿಡ್ಡು ಹಚ್ಚಿ ತೇಲಿಸಿ, ತೆಳ್ಳಗೆ ಕಟ್ಟಿದ ಸಣ್ಣ ಫ್ಲೈಗಳಿಂದ ಮೀನು ಹಿಡಿದು ಈ ವಿಧಾನವನ್ನು ಹೆಸರುವಾಸಿ ಮಾಡಿದರು. ಹೊಸಬರು ಅತಿ ಬೇಗ ಕಲಿಯಬಹುದಾದದ್ದೂ ಇದನ್ನೇ.

ಬೀಟ್ ಎಲ್ಲಿರಬೇಕು? ಬ್ಯಾಂಕರಿಯ ಬಳಿ ದಕ್ಷಿಣದಿಂದ ಫ್ಯೂ ಎಂಬ ಉಪನದಿ ಬಂದು ಸೇರುತ್ತದೆ. ಮಳೆ ಬಿದ್ದರೆ ಅದು ಬಲುಬೇಗ ಉಬ್ಬಿ, ಕೆಳಗಿನ ಡೀಯನ್ನು ಕಂದು ಚಹಾದಂತೆ ಕದಡುತ್ತದೆ. ಆದ್ದರಿಂದ ಮೂರೇ ದಿನ ಕೈಯಲ್ಲಿರುವವರು ಮೇ ತಿಂಗಳಲ್ಲಿ ಫ್ಯೂ ಸಂಗಮದಿಂದ ಮೇಲೆ, ಬ್ಯಾಂಕರಿ ಮತ್ತು ಅಬಾಯ್ನ್ ನಡುವೆ ನೋಡಬೇಕು. ಮೀನು ಆ ಹೊತ್ತಿಗೆ ಅಲ್ಲಿಗೆ ಏರಿರುತ್ತದೆ, ಮಳೆ ಬಂದರೂ ನೀರು ಬೇಗ ತಿಳಿಯಾಗುತ್ತದೆ.

ಬೀಟ್‌ನ ಅಂಕಿಯನ್ನು ಓದುವ ಬಗೆ

ಜಾಹೀರಾತಿನಲ್ಲಿ 'ಐದು ವರ್ಷದ ಸರಾಸರಿ' ಎಂದು ಒಂದು ಸಂಖ್ಯೆ ಇರುತ್ತದೆ. ಅದನ್ನು ಬಿಡಿಸಿ ನೋಡದೆ ದುಡ್ಡು ಕಟ್ಟಬಾರದು. ಉದಾಹರಣೆಗೆ ಒಂದು ಬೀಟ್ ಇಟ್ಟುಕೊಳ್ಳೋಣ: ದಿನಕ್ಕೆ 4 ಗಾಳ, ಮೇ ತಿಂಗಳಲ್ಲಿ ಐದು ವರ್ಷ ಸಿಕ್ಕ ಮೀನು 52, 31, 12, 20, 15. ಸರಾಸರಿ 26. ಆದರೆ ಅದನ್ನು ಎತ್ತಿ ನಿಲ್ಲಿಸಿರುವುದು 52ರ ಒಂದೇ ವರ್ಷ. ಸಾಲಾಗಿ ಜೋಡಿಸಿದರೆ ನಡುವೆ ನಿಲ್ಲುವ ಸಂಖ್ಯೆ 20. ಲೆಕ್ಕ ಅದರ ಮೇಲೆ ಹಾಕಬೇಕು.

ಭಾನುವಾರ ಬಿಟ್ಟು ಮೇ ತಿಂಗಳಿಗೆ 26 ದಿನ. ಒಂದು ಗಾಳ ಒಂದು ದಿನ ಇಳಿದರೆ ಒಂದು ಗಾಳದಿನ, ನಾಲ್ಕು ಗಾಳಕ್ಕೆ 104 ಗಾಳದಿನ. 20 ಮೀನನ್ನು 104ಕ್ಕೆ ಹಂಚಿದರೆ ಒಂದು ಗಾಳಕ್ಕೆ ದಿನಕ್ಕೆ 0.19, ಅಂದರೆ ಐದು ದಿನಕ್ಕೆ ಒಂದು ಮೀನು. ನಮ್ಮ ಇಬ್ಬರಿಗೆ ಇರುವುದು ಆರು ಗಾಳದಿನ. ಅನುಭವಿಯ ಮೂರು ದಿನಕ್ಕೆ 0.58. ಹೊಸಬರಿಗೆ ಅರ್ಧ ಹಿಡಿದರೆ 0.29. ಒಟ್ಟು 0.87 ಮೀನು. ಒಂದಕ್ಕೂ ಕಡಿಮೆ. ಸಂಭವನೀಯತೆಯ ಸಾಮಾನ್ಯ ಸೂತ್ರದಲ್ಲಿ ನೋಡಿದರೆ ಇಬ್ಬರೂ ಬರಿಗೈಯಲ್ಲಿ ಮರಳುವ ಸಾಧ್ಯತೆ ನೂರಕ್ಕೆ 42. ಮೀನು ದಿನವೂ ಸಮನಾಗಿ ಬರುವುದಿಲ್ಲ, ಒಳ್ಳೆಯ ನೀರು ಸಿಕ್ಕ ಒಂದು ವಾರದಲ್ಲೇ ತಿಂಗಳ ಅರ್ಧ ಮೀನು ಸಿಕ್ಕಿರುತ್ತದೆ. ಹಾಗಾಗಿ ನಿಜವಾದ ಅಪಾಯ ಇದಕ್ಕಿಂತ ಕೊಂಚ ಹೆಚ್ಚೇ.

ಈ ಲೆಕ್ಕ ಇನ್ನೊಂದು ದಿಕ್ಕಿಗೂ ತಿರುಗಬಹುದು. ಎಲ್ಲ ಗಾಳಗಳೂ ಬಾಡಿಗೆಗೆ ಹೋಗಿದ್ದವೇ? 12 ಮೀನಿನ ವರ್ಷ ಅರ್ಧ ಗಾಳಗಳು ಖಾಲಿ ಉಳಿದಿದ್ದರೆ ಆ 12 ನಿಜಕ್ಕೂ 24ರ ಬೆಲೆಯದ್ದು. ಆದ್ದರಿಂದ ಬೀಟ್‌ನವರಿಗೆ ಕೇಳಬೇಕಾದ ಪ್ರಶ್ನೆ 'ಎಷ್ಟು ಮೀನು ಸಿಕ್ಕಿತು' ಅಲ್ಲ, 'ಎಷ್ಟು ಗಾಳದಿನಕ್ಕೆ ಸಿಕ್ಕಿತು'. ಜೊತೆಗೆ: ಅದೇ ವಾರದ್ದು ಎಷ್ಟು? ಕಡಲ ಟ್ರೌಟ್ ಸೇರಿಸಿ ಹೇಳಿದ್ದೋ ಬರೀ ಸಾಲ್ಮನ್ನೋ? ಎರಡೂ ದಡ ನಮ್ಮದೋ ಒಂದೇ ದಡವೋ? ಎದುರು ದಡದವರು ಅದೇ ಮಡುವಿನಲ್ಲಿ ದಿನ ಬಿಟ್ಟು ದಿನ ಇಳಿಯುತ್ತಾರೆಯೇ? ನೀರು ಮಟ್ಟಕ್ಕಿಂತ ಮೇಲಿದ್ದಾಗ ಗಾಳ ಹಾಕಲು ಬರುವ ಮಡುಗಳು ಎಷ್ಟು, ಇಳಿದಾಗ ಎಷ್ಟು? ಕೊನೆಯ ಪ್ರಶ್ನೆಗೆ ಬಿಡಿಸಿ ಉತ್ತರಿಸುವ ಬೀಟ್‌ಗೆ ಹತ್ತಿಪ್ಪತ್ತು ಪೌಂಡ್ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಹಿನ್ನೆಲೆಯನ್ನೂ ಮುಚ್ಚಿಡಬಾರದು. ಸ್ಕಾಟ್ಲೆಂಡಿನಲ್ಲಿ ಗಾಳಕ್ಕೆ ಸಿಕ್ಕ ಸಾಲ್ಮನ್ 2010ರಲ್ಲಿ ಲಕ್ಷ ದಾಟಿತ್ತು. 2023ರಲ್ಲಿ ಅದು ಸುಮಾರು 32,500. 1952ರಲ್ಲಿ ದಾಖಲೆ ಶುರುವಾದ ಮೇಲೆ ಅಷ್ಟು ಕಡಿಮೆ ಎಂದೂ ಇರಲಿಲ್ಲ. ಅದೇ ವರ್ಷ ಡಿಸೆಂಬರಿನಲ್ಲಿ ಬ್ರಿಟನ್ನಿನ ಅಟ್ಲಾಂಟಿಕ್ ಸಾಲ್ಮನ್ನನ್ನು ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪು ಪಟ್ಟಿಯಲ್ಲಿ ಅಳಿವಿನಂಚಿನ ಜೀವಿ ಎಂದು ಸೇರಿಸಲಾಯಿತು. ನದಿಯಿಂದ ಕಡಲಿಗೆ ಹೋಗುವ ನೂರು ಮರಿಗಳಲ್ಲಿ ಈಗ ಮರಳುವುದು ಮೂರೋ ನಾಲ್ಕೋ ಐದೋ. ಕೆಲವು ದಶಕಗಳ ಹಿಂದೆ ಇದರ ಹಲವು ಪಟ್ಟು ಮರಳುತ್ತಿದ್ದವು. ಡೀ ಜಲಾನಯನದಲ್ಲಿ ನೀರಿಗೆ ನೆರಳಾಗಲೆಂದು ಹತ್ತು ಲಕ್ಷ ಗಿಡ ನೆಡುವ ಕೆಲಸ ನಡೆದಿದೆ. ಹಳೆಯ ಕ್ಯಾಚ್ ಪುಸ್ತಕದ ಅಂಕಿ ತೋರಿಸಿ ಬೀಟ್ ಹೊಗಳುವವರ ಮಾತನ್ನು ಈ ಇಳಿಕೆ ನೆನೆದೇ ತೂಗಬೇಕು.

ಖರ್ಚಿನ ಪಟ್ಟಿ

ಕೆಳಗಿನವು ಈ ಪ್ರಕರಣಕ್ಕೆ ಹಿಡಿದ ದರಗಳು. ಬೀಟ್, ವಾರ, ಮುಂಗಡ ಇವುಗಳ ಮೇಲೆ ಏರಿಳಿಯುತ್ತವೆ. ಎಲ್ಲ ಪೌಂಡ್‌ನಲ್ಲಿ, ಇಬ್ಬರಿಗೂ ಸೇರಿ.

ಪರ್ಮಿಟ್, ಗಾಳಕ್ಕೆ ದಿನಕ್ಕೆ 120ರಂತೆ ಆರು ಗಾಳದಿನ: 720
ಗಿಲ್ಲಿಗೆ (ಬೀಟ್‌ನ ಮಾರ್ಗದರ್ಶಿಗೆ) ಭಕ್ಷೀಸು, ಗಾಳಕ್ಕೆ ದಿನಕ್ಕೆ 20ರಂತೆ: 120
ಲಂಡನ್–ಅಬರ್ಡೀನ್ ರೈಲು ಅಥವಾ ವಿಮಾನ, ತಲಾ 160: 320
ಬಾಡಿಗೆ ಕಾರು ಐದು ದಿನ 225, ಪೆಟ್ರೋಲ್ 45: 270
ನಾಲ್ಕು ರಾತ್ರಿ ಬೆಡ್ ಅಂಡ್ ಬ್ರೇಕ್‌ಫಾಸ್ಟ್, ರಾತ್ರಿಗೆ 110: 440
ಊಟ, ತಲಾ ದಿನಕ್ಕೆ 45ರಂತೆ ನಾಲ್ಕು ದಿನ: 360
ಹೊಸಬರಿಗೆ ರಾಡ್, ರೀಲ್, ವೇಡರ್ (ನೀರಿಗಿಳಿಯುವ ಜಲನಿರೋಧಕ ಉಡುಪು) ಬಾಡಿಗೆ, ಮೂರು ದಿನ: 120
ಭಾನುವಾರ ಮಧ್ಯಾಹ್ನ ಎಸೆತದ ಪಾಠ: 120
ಫ್ಲೈ, ಲೀಡರ್ ದಾರ (ಲೈನಿಗೂ ಫ್ಲೈಗೂ ನಡುವಿನ ತೆಳು ದಾರ), ಚಿಲ್ಲರೆ: 60
ಒಟ್ಟು: 2,530

ತಲಾ 1,265. ಒಂದು ಗಾಳದಿನಕ್ಕೆ 422. ಗಮನಿಸಬೇಕಾದ್ದು ಇಷ್ಟೇ: ಪರ್ಮಿಟ್ ಒಟ್ಟು ಖರ್ಚಿನ ನೂರಕ್ಕೆ 28 ಮಾತ್ರ. ದಿನಕ್ಕೆ 120ರ ಬದಲು 80ರ ಬೀಟ್ ಹಿಡಿದರೆ ಉಳಿಯುವುದು 240. ಆ ಬೀಟ್‌ನಲ್ಲಿ ಮೀನು ಸಿಗುವ ಪ್ರಮಾಣ ಅರ್ಧವಾಗಿದ್ದರೆ ಉಳಿದ 2,290 ಪೌಂಡ್ ಅರ್ಧ ಸಾಧ್ಯತೆಗೆ ಸುರಿದಂತೆ. ದೂರದಿಂದ ಬರುವವರು ಉಳಿತಾಯ ಮಾಡಬೇಕಾದ್ದು ಪ್ರಯಾಣ, ವಸತಿ, ಊಟದಲ್ಲಿ. ನೀರಿನಲ್ಲಿ ಅಲ್ಲ.

ಇನ್ನೂ ಮೂರು ದಿನ ನಿಂತರೆ? ಗುರುವಾರದಿಂದ ಶನಿವಾರದವರೆಗೆ ಪರ್ಮಿಟ್, ಭಕ್ಷೀಸು, ವಸತಿ, ಕಾರು, ಊಟ, ಬಾಡಿಗೆ ಸಲಕರಣೆ ಎಲ್ಲ ಸೇರಿ ಸುಮಾರು 1,720 ಹೆಚ್ಚಾಗುತ್ತದೆ. ಪ್ರಯಾಣ, ಪಾಠ ಮರುಕಳಿಸುವುದಿಲ್ಲ. ಬರಿಗೈಯಾಗುವ ಸಾಧ್ಯತೆ 42ರಿಂದ 18ಕ್ಕೆ ಇಳಿಯುತ್ತದೆ. ವರ್ಷಕ್ಕೆ ಎರಡು ಸಲ ಮೂರು ಮೂರು ದಿನ ಬರುವುದಕ್ಕಿಂತ ಒಂದೇ ಸಲ ಆರು ದಿನ ಬರುವುದು ಅಗ್ಗ. ಆದರೆ ಆ ಒಂದು ವಾರವೇ ಕೆಟ್ಟ ನೀರಿಗೆ ಸಿಕ್ಕಿದರೆ ಆರೂ ದಿನ ಹೋದಂತೆ, ಅದನ್ನೂ ತೂಗಿ ನೋಡಬೇಕು.

ಅಬರ್ಡೀನ್‌ನಲ್ಲೇ ನೆಲೆಸಿದವರಿಗೆ ಲೆಕ್ಕ ಪೂರ್ತಿ ಬೇರೆ. ತೈಲ ಉದ್ಯಮದ ಕೆಲಸಕ್ಕೆಂದು ಅಲ್ಲಿರುವ ನಮ್ಮವರು ಇದನ್ನು ಗಮನಿಸಬೇಕು. ಪರ್ಮಿಟ್ 120, ಭಕ್ಷೀಸು 20, ಪೆಟ್ರೋಲ್ 15, ಒಟ್ಟು ದಿನಕ್ಕೆ 155. ಅದಕ್ಕಿಂತ ದೊಡ್ಡ ಲಾಭವೆಂದರೆ ನೀರಿನ ಮಟ್ಟ ನೋಡಿ ಎರಡು ದಿನ ಮೊದಲು ದಿನದ ಟಿಕೆಟ್ ತೆಗೆಯಬಹುದು. ಲಂಡನ್ನಿನವರು ಮೂರು ತಿಂಗಳು ಮೊದಲೇ ದುಡ್ಡು ಕಟ್ಟಿ ಆಕಾಶ ನೋಡುತ್ತಾರೆ. ನೀರು ಕೆಟ್ಟಿತೆಂದು ಹಣ ವಾಪಸ್ ಕೊಡುವ ಪದ್ಧತಿ ಸಾಮಾನ್ಯವಾಗಿ ಇಲ್ಲ. ಬುಕ್ ಮಾಡುವಾಗ ದರಕ್ಕೆ ವ್ಯಾಟ್ ಸೇರಿದೆಯೇ, ಗಿಲ್ಲಿ ಮೂರೂ ದಿನ ಇರುತ್ತಾರೆಯೇ, ಒಬ್ಬರು ಬಾರದಿದ್ದರೆ ಆ ಗಾಳವನ್ನು ಬೇರೆಯವರಿಗೆ ಕೊಡಬಹುದೇ ಎಂದು ಬರಹದಲ್ಲಿ ಪಡೆಯಬೇಕು.

ಸಲಕರಣೆ

ಡೀ ನಡುಭಾಗಕ್ಕೆ 13ರಿಂದ 14 ಅಡಿಯ, 9ನೇ ತೂಕದ ಎರಡು ಕೈ ರಾಡ್ ಸಾಕು. 15 ಅಡಿ ಬೇಕಾಗುವುದು ಋತುವಿನ ಆರಂಭದ ದೊಡ್ಡ ನೀರಿಗೆ. ತೇಲುವ ಲೈನ್ ಒಂದು, ಅದರ ತುದಿಗೆ ಸಿಕ್ಕಿಸಲು ನಿಧಾನಕ್ಕೂ ಬೇಗಕ್ಕೂ ಮುಳುಗುವ 10 ಅಡಿಯ ಪಾಲಿಲೀಡರ್ ಎರಡು. ಬೆಳಗ್ಗೆ ನೀರು 7 ಡಿಗ್ರಿ ಇದ್ದರೆ ಅವು ಬೇಕಾಗುತ್ತವೆ. ಲೀಡರ್ ದಾರ 12ರಿಂದ 15 ಪೌಂಡ್ ಬಲದ್ದು. ಫ್ಲೈಗಳಲ್ಲಿ ಸಿಲ್ವರ್ ಸ್ಟೋಟ್, ಕ್ಯಾಸ್ಕೇಡ್, ಬ್ಲೂ ಚಾರ್ಮ್, ಲೋಗಿ ಇವು 8ರಿಂದ 12ನೇ ಅಳತೆಯಲ್ಲಿ (ಸಂಖ್ಯೆ ಹೆಚ್ಚಿದಷ್ಟೂ ಫ್ಲೈ ಸಣ್ಣದು) ಎರಡೆರಡು ಇದ್ದರೆ ಸಾಕು. ಸಿಂಗಲ್ ಅಥವಾ ಡಬಲ್ ಕೊಕ್ಕೆ ಇರಲಿ, ಅದರ ಒಳಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿರಬೇಕು. ನಲವತ್ತು ಬಗೆಯ ಡಬ್ಬಿ ಹೊರುವುದರಿಂದ ಗಿಲ್ಲಿಯ ಕೆಲಸ ಹೆಚ್ಚುತ್ತದೆ ಅಷ್ಟೇ.

ಎದೆಮಟ್ಟದ ವೇಡರ್, ಸೊಂಟಕ್ಕೆ ಬಿಗಿದ ಬೆಲ್ಟ್, ಮೊಳೆ ಹಚ್ಚಿದ ಬೂಟು, ಊರುಗೋಲು, ತಾನಾಗಿ ಉಬ್ಬುವ ಲೈಫ್ ಜಾಕೆಟ್. ಜಾಕೆಟ್‌ನ ಗ್ಯಾಸ್ ಸಿಲಿಂಡರ್ ತಿರುಗಿಸಿ ಬಿಗಿಯಾಗಿದೆಯೇ ನೋಡಬೇಕು, ಕಾಲ ನಡುವಿನ ಪಟ್ಟಿ ಹಾಕಬೇಕು. ಪಟ್ಟಿ ಹಾಕದಿದ್ದರೆ ನೀರಿಗೆ ಬಿದ್ದಾಗ ಜಾಕೆಟ್ ಮೇಲಕ್ಕೆ ಜಾರಿ ತಲೆಯಿಂದ ಕಳಚುತ್ತದೆ. ಧ್ರುವೀಕೃತ ಗಾಜಿನ ಕನ್ನಡಕ ಎರಡು ಕೆಲಸ ಮಾಡುತ್ತದೆ: ನೀರೊಳಗಿನ ಕಲ್ಲು ತೋರಿಸುತ್ತದೆ, ಗಾಳಿಗೆ ತಿರುಗಿ ಬರುವ ಕೊಕ್ಕೆಯಿಂದ ಕಣ್ಣು ಕಾಯುತ್ತದೆ.

ಬೇರೆ ನದಿಯಲ್ಲಿ, ಅದರಲ್ಲೂ ಹೊರದೇಶದಲ್ಲಿ ಬಳಸಿದ ಸಲಕರಣೆ ಆದರೆ ಸೋಂಕು ತೊಳೆದು, ಕನಿಷ್ಠ 48 ಗಂಟೆ ಪೂರ್ತಿ ಒಣಗಿಸಿ ತರಬೇಕು. ಗೈರೊಡ್ಯಾಕ್ಟಿಲಸ್ ಸಲಾರಿಸ್ ಎಂಬ ಕಣ್ಣಿಗೆ ಕಾಣದ ಪರೋಪಜೀವಿ ನಾರ್ವೆಯ ಹಲವು ನದಿಗಳ ಸಾಲ್ಮನ್ನನ್ನು ನಾಶ ಮಾಡಿತು. ಒದ್ದೆ ಬೂಟಿನಲ್ಲಿ ಅದು ಸ್ಕಾಟ್ಲೆಂಡಿಗೆ ಬಂದರೆ ಉಳಿದಿರುವ ಮೀನಿಗೂ ಅದೇ ಗತಿ. ಬೀಟ್‌ನವರು ಇದರ ಬಗ್ಗೆ ಸಹಿ ಕೇಳಿದರೆ ಕಾಟಾಚಾರಕ್ಕೆ ಹಾಕಬಾರದು.

ನೀರಿನಲ್ಲಿ

ಭಾನುವಾರ ನದಿಗೆ ಇಳಿಯುವಂತಿಲ್ಲವಾದ್ದರಿಂದ ಪಾಠವನ್ನು ಟ್ರೌಟ್ ಕೆರೆಯಲ್ಲೋ ಹುಲ್ಲುಗಾವಲಿನಲ್ಲೋ, ಕೊಕ್ಕೆಯ ಬದಲು ಉಣ್ಣೆಯ ಎಳೆ ಕಟ್ಟಿ ಇಟ್ಟುಕೊಳ್ಳಬೇಕು. ಹೊಸಬರು ಎರಡು ಎಸೆತ ಕಲಿತರೆ ಮೂರು ದಿನ ಕಳೆಯುತ್ತದೆ. ಗಾಳಿ ಕೆಳಹೊಳೆಯಿಂದ ಮೇಲಕ್ಕೆ ಬೀಸುತ್ತಿದ್ದರೆ ಸಿಂಗಲ್ ಸ್ಪೇ, ಮೇಲಿನಿಂದ ಕೆಳಕ್ಕೆ ಬೀಸುತ್ತಿದ್ದರೆ ಡಬಲ್ ಸ್ಪೇ. ಇದು ಅಂದಚೆಂದದ ಮಾತಲ್ಲ. ಎಸೆಯುವ ಮೊದಲು ಲೈನ್ ಬಳುಕಿ ನಿಲ್ಲುವ ಕಡೆ ಯಾವಾಗಲೂ ಗಾಳಿ ಸಾಗುವ ಬದಿಗೆ ಇರಬೇಕು. ಅದಲುಬದಲಾದರೆ ಕೊಕ್ಕೆ ಮುಖಕ್ಕೇ ಬರುತ್ತದೆ. 15 ಮೀಟರ್ ನೇರವಾಗಿ ಬಿದ್ದರೆ ಸಾಕು. 25 ಮೀಟರ್ ಎಸೆಯಲು ಹೋಗಿ ಲೈನ್ ಗುಡ್ಡೆಯಾಗಿ ಬಿದ್ದರೆ, ಅದು ನೆಟ್ಟಗಾಗುವಷ್ಟರಲ್ಲಿ ಫ್ಲೈ ಮೀನಿನ ಜಾಗ ದಾಟಿರುತ್ತದೆ.

ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ಬೀಟ್‌ನ ಗುಡಿಸಲಿನಲ್ಲಿ ಗಿಲ್ಲಿ ಸಿಗುತ್ತಾರೆ. ಗೇಲಿಕ್ ಭಾಷೆಯಲ್ಲಿ ಈ ಮಾತಿಗೆ ಹುಡುಗ, ಆಳು ಎಂಬ ಅರ್ಥವಿತ್ತು. ಇಂದಿನ ಗಿಲ್ಲಿ ಆ ನೀರಿನ ಒಂದೊಂದು ಕಲ್ಲನ್ನೂ ಬಲ್ಲವರು. ಮೀನು ಎಲ್ಲಿ ನಿಲ್ಲುತ್ತದೆ ಎಂಬುದು ನೀರಿನ ಮಟ್ಟಕ್ಕೆ ತಕ್ಕಂತೆ ಬದಲಾಗುತ್ತದೆ: ಏರಿದಾಗ ದಡದ ಅಂಚು ಮತ್ತು ಮಡುವಿನ ಬಾಲ, ಅಂದರೆ ಕೆಳತುದಿ; ಇಳಿದಾಗ ಮಡುವಿನ ಕುತ್ತಿಗೆ, ಅಂದರೆ ನೀರು ಒಳಬರುವ ಮೇಲ್ತುದಿಯ ನೊರೆನೀರು. ಇದನ್ನು ಹೊರಗಿನವರು ಮೂರು ದಿನದಲ್ಲಿ ಕಂಡುಕೊಳ್ಳಲಾರರು, ಅದಕ್ಕೇ ದಿನಕ್ಕೆ 20 ಪೌಂಡ್ ಭಕ್ಷೀಸು ಪಟ್ಟಿಯಲ್ಲೇ ಅತ್ಯಂತ ಸಾರ್ಥಕ ಖರ್ಚು.

ಮಡುವಿನ ತಲೆಯಿಂದ ಶುರು. ಅಡ್ಡಕ್ಕೆ 45 ಡಿಗ್ರಿ ಕೆಳಮುಖವಾಗಿ ಎಸೆದು, ಸೆಳವು ಜೋರಿದ್ದರೆ ಲೈನಿನ ಹೊಟ್ಟೆಯನ್ನು ಮೇಲಕ್ಕೆ ಒಗೆದು ಫ್ಲೈ ನಿಧಾನವಾಗುವಂತೆ ಮಾಡಿ, ಅದು ತೂಗುತ್ತ ನಮ್ಮ ದಡಕ್ಕೆ ಬರುವ ತನಕ ಕಾದು, ಎರಡು ಹೆಜ್ಜೆ ಕೆಳಗೆ ಇಟ್ಟು ಮತ್ತೆ ಎಸೆಯುವುದು. ಹೊಸಬರ ಸಾಮಾನ್ಯ ತಪ್ಪು ಸೊಂಟದವರೆಗೆ ನೀರಿಗೆ ಇಳಿಯುವುದು. ಮೇ ತಿಂಗಳಲ್ಲಿ ಮೀನು ಮಲಗಿರುವುದು ಅವರು ನಿಂತ ಜಾಗದಲ್ಲೇ ಆಗಿರಬಹುದು. ಮೊದಲ ಹತ್ತು ಎಸೆತ ಮೊಣಕಾಲು ಮಟ್ಟದಿಂದಲೇ ಆಗಲಿ.

ನದಿಗೆ ಏರಿದ ಸಾಲ್ಮನ್ ಉಣ್ಣುವುದಿಲ್ಲ. ಮೊಟ್ಟೆಯಿಡುವ ತನಕ ಮೈಯ ಕೊಬ್ಬಿನಲ್ಲೇ ಬದುಕುತ್ತದೆ. ಕಾವೇರಿಯ ಮಹಶೀರ್‌ಗೆ ರಾಗಿ ಮುದ್ದೆಯ ಉಂಡೆ ಕಟ್ಟುತ್ತಿದ್ದುದನ್ನು ಬಲ್ಲವರಿಗೆ ಇಲ್ಲಿ ಆ ಯೋಚನೆಯೇ ತಲೆಕೆಳಗಾಗುತ್ತದೆ. ಹಸಿವಿರುವ ಮೀನಿಗೆ ರುಚಿ ತೋರಿಸಿದಂತಲ್ಲ ಇದು. ಇಲ್ಲಿ ಕೆರಳಿಕೆಯೋ ಹಳೆಯ ಅಭ್ಯಾಸವೋ ಮೀನಿನ ಬಾಯಿ ತೆರೆಸಬೇಕು. ಅದು ಕಚ್ಚುವ ರೀತಿಯೂ ನಿಧಾನ: ಲೈನ್ ಮೆಲ್ಲಗೆ ಬಿಗಿಯುತ್ತದೆ, ರೀಲಿನಿಂದ ನಾಲ್ಕಾರು ಗೇಣು ದಾರ ಹೋಗುತ್ತದೆ. ಆ ಕ್ಷಣ ರಾಡನ್ನು ಎತ್ತಿ ಜಗ್ಗಿದರೆ ಕೊಕ್ಕೆ ಬಾಯಿಂದ ಹೊರಬೀಳುತ್ತದೆ. ಏನೂ ಮಾಡದೆ ಮೀನು ತಿರುಗಲು ಬಿಟ್ಟು, ಭಾರ ಪೂರ್ತಿ ಬಂದ ಮೇಲೆ ರಾಡ್ ಎತ್ತಬೇಕು. ಇಡೀ ಮೂರು ದಿನದಲ್ಲಿ ಒಂದೇ ಸಲ ಬರುವ ಅವಕಾಶ ಕೈತಪ್ಪುವುದು ಹೆಚ್ಚಾಗಿ ಇಲ್ಲೇ.

ನೀರಿನ ಮಟ್ಟವನ್ನು ಸ್ಕಾಟ್ಲೆಂಡಿನ ಪರಿಸರ ಸಂರಕ್ಷಣಾ ಸಂಸ್ಥೆಯಾದ ಸೆಪಾದ ಮಾಪಕಗಳಲ್ಲಿ ಮನೆಯಿಂದಲೇ ನೋಡಬಹುದು: ಮೇಲೆ ಮಾರ್ ಲಾಡ್ಜ್, ಪೋಲ್‌ಹಾಲಿಕ್, ಕೆಳಗೆ ವುಡೆಂಡ್, ಪಾರ್ಕ್. ಬಿಸಿಲೇರಿದ ದಿನ ಬೆಟ್ಟದ ಹಿಮ ಕರಗಿದ ನೀರು ಮೊದಲು ಮಾರ್ ಲಾಡ್ಜ್‌ನಲ್ಲಿ ಕಾಣಿಸಿ, ಗಂಟೆಗಳ ನಂತರ ಕೆಳಕ್ಕೆ ತಲುಪುತ್ತದೆ. ನೀರು ಏರುತ್ತಿರುವಾಗ ಮೀನು ಕಚ್ಚುವುದು ಅಪರೂಪ. ಏರಿ ನಿಂತು ಇಳಿಯತೊಡಗಿ, ಕಂದು ಬಣ್ಣ ಕಳೆಯುವ ಹೊತ್ತೇ ಒಳ್ಳೆಯದು. ಮಂಗಳವಾರ ಮಳೆ ಬಂದು ನೀರು ಒಂದು ಅಡಿ ಏರಿತೆನ್ನಿ. ಆ ದಿನ ಮಧ್ಯಾಹ್ನ ದಡದ ಅಂಚಿನಲ್ಲಿ ಸ್ವಲ್ಪ ದೊಡ್ಡ ಫ್ಲೈ, ಮುಳುಗುವ ಪಾಲಿಲೀಡರ್ ಹಾಕಿ ನೋಡಿ, ಉಳಿದ ಶಕ್ತಿಯನ್ನು ಬುಧವಾರಕ್ಕೆ ಇಟ್ಟುಕೊಳ್ಳಬೇಕು. ಮಳೆಯೇ ಇಲ್ಲದೆ ನೀರು ಇಳಿದು ಬಿಸಿಲು ಸುರಿಯುತ್ತಿದ್ದರೆ ಹಗಲಿಡೀ ಹೊಡೆದಾಡುವುದು ವ್ಯರ್ಥ. ಆ ಅಕ್ಷಾಂಶದಲ್ಲಿ ಮೇ ನಡುವೆ ರಾತ್ರಿ ಒಂಬತ್ತಕ್ಕೂ ಬೆಳಕಿರುತ್ತದೆ. ಬೆಳಗ್ಗೆ ಬೇಗ ಮತ್ತು ಊಟದ ನಂತರ ಇಳಿಯಬಹುದೇ ಎಂದು ಪರ್ಮಿಟ್‌ನಲ್ಲಿ ನೋಡಿ, 12ನೇ ಅಳತೆಯ ಫ್ಲೈ ಹಾಕಬೇಕು.

ಮೀನು ಬಿದ್ದರೆ

ತೂಕದ ಪೌಂಡಿಗೆ ಒಂದು ನಿಮಿಷ ಎಂಬುದು ಹಳೆಯ ಅಳತೆ. ಹತ್ತು ಪೌಂಡ್ ಮೀನನ್ನು ಹತ್ತು ನಿಮಿಷದೊಳಗೆ ಬಲೆಗೆ ತರಬೇಕು. ತೆಳು ದಾರ ಹಾಕಿ ಇಪ್ಪತ್ತೈದು ನಿಮಿಷ ಆಡಿಸಿದರೆ ಅದರ ಮೈಯಲ್ಲಿ ಆಮ್ಲ ತುಂಬಿ, ಈಜಿ ಹೋದಂತೆ ಕಂಡರೂ ಮುಂದೆ ಸಾಯಬಹುದು. ಗಂಟಿಲ್ಲದ ಬಲೆ, ಒದ್ದೆ ಕೈ. ಬಲೆಯ ಬಾಯಿ ಮೇಲಿರಲಿ, ಮೀನು ನೀರಲ್ಲೇ ಇರಲಿ. ಇಕ್ಕಳದಿಂದ ಕೊಕ್ಕೆ ತೆಗೆಯಬೇಕು. ಆಳಕ್ಕೆ ಹೋಗಿದ್ದರೆ ದಾರ ಕತ್ತರಿಸಿ ಬಿಡುವುದೇ ಲೇಸು. ಬಾಲ ಹಿಡಿದು ಎತ್ತಿದರೆ ಒಳಗಿನ ಅಂಗಗಳ ಭಾರಕ್ಕೆ ಬೆನ್ನುಮೂಳೆ ನೋಯುತ್ತದೆ, ದಡದ ಕಲ್ಲಿಗೆ ಎಳೆದರೆ ಹುರುಪೆ ಕಿತ್ತು ಬೂಷ್ಟು ಹಿಡಿಯುತ್ತದೆ. ಫೋಟೋ ಬೇಕಿದ್ದರೆ ಕ್ಯಾಮೆರಾ ಸಿದ್ಧವಾದ ಮೇಲೆ, ಅರ್ಧ ನೀರಲ್ಲೇ ಇಟ್ಟು ಒಂದು ಸಲ. ಆಮೇಲೆ ತಲೆಯನ್ನು ಸೆಳವಿಗೆ ಎದುರು ಮಾಡಿ, ಹೊಟ್ಟೆಗೆ ಅಂಗೈ ಕೊಟ್ಟು, ಅದು ತಾನಾಗಿ ಬಾಲ ಬೀಸಿ ಹೊರಡುವ ತನಕ ಕಾಯಬೇಕು. ಎರಡು ನಿಮಿಷವಾಗಲಿ, ಹತ್ತಾಗಲಿ. ಮೇ ತಿಂಗಳ ಹೆಣ್ಣು ಮೀನಿನ ಹೊಟ್ಟೆಯಲ್ಲಿ ಚಳಿಗಾಲಕ್ಕೆ ಸಾವಿರಾರು ಮೊಟ್ಟೆ ಬಲಿಯಬೇಕಿದೆ. ಆ ಮರಿಗಳ ಕಿವಿರಿಗೆ ಅಂಟಿಕೊಂಡೇ ಡೀಯ ಸಿಹಿನೀರ ಮುತ್ತಿನ ಚಿಪ್ಪು ತನ್ನ ಮೊದಲ ತಿಂಗಳುಗಳನ್ನು ಕಳೆಯುತ್ತದೆ. ಒಂದನ್ನು ಕೈಯಾರೆ ಕೊಂದರೆ ಎರಡಕ್ಕೂ ಪೆಟ್ಟು.

ಇದೇ ದಿನಗಳಲ್ಲಿ ಕೈಯುದ್ದದ ಬೆಳ್ಳಿ ಮರಿಗಳು ಹಿಂಡಾಗಿ ಸಮುದ್ರಕ್ಕೆ ಇಳಿಯುತ್ತಿರುತ್ತವೆ. ಅವು ಪದೇ ಪದೇ ಫ್ಲೈ ಕಚ್ಚುತ್ತಿದ್ದರೆ ಆ ಜಾಗ ಬಿಟ್ಟು ಮುಂದೆ ಹೋಗಬೇಕು. ಅವುಗಳ ಹುರುಪೆ ಬೆರಳು ತಾಗಿದರೆ ಉದುರುತ್ತದೆ, ಉದುರಿದ ಮರಿ ಉಪ್ಪುನೀರಿನಲ್ಲಿ ಉಳಿಯುವುದಿಲ್ಲ.

ಬೇರೆ ನದಿ ಆಗಬಹುದಿತ್ತೇ

ಹೊಸಬರಿಗೆ ಎಸೆತ ಕೂಡಿಬರದು ಎಂಬ ಭಯವಿದ್ದರೆ ಟೇ ನದಿ ಒಂದು ದಾರಿ. ಬ್ರಿಟನ್ನಿನಲ್ಲೇ ಅತಿ ಹೆಚ್ಚು ನೀರು ಹರಿಯುವ ಆ ನದಿಯಲ್ಲಿ ದೋಣಿಯ ಹಿಂದೆ ಗಾಳ ಎಳೆದುಕೊಂಡು ಹೋಗುವ ಪದ್ಧತಿ ಇದೆ. ಜಾರ್ಜಿನಾ ಬ್ಯಾಲಂಟೈನ್ 1922ರ ಅಕ್ಟೋಬರ್ 7ರಂದು 64 ಪೌಂಡ್ ಸಾಲ್ಮನ್ ಹಿಡಿದದ್ದು ಅಲ್ಲಿಯೇ, ಬ್ರಿಟನ್ನಿನ ಆ ದಾಖಲೆ ಇನ್ನೂ ಮುರಿದಿಲ್ಲ. ಖರ್ಚು ಇಳಿಸಬೇಕೆಂದರೆ ಸ್ಪೇ ನದಿಯ ಗ್ರಾಂಟೌನ್‌ನಲ್ಲಿ ಸ್ಥಳೀಯ ಗಾಳಗಾರರ ಸಂಘ ಹೊರಗಿನವರಿಗೂ ಟಿಕೆಟ್ ಕೊಡುತ್ತದೆ. ನೀರು ಉದ್ದಕ್ಕಿದೆ, ಗಿಲ್ಲಿ ಇರುವುದಿಲ್ಲ, ಇತರರೊಡನೆ ಸರದಿ ಹಂಚಿಕೊಳ್ಳಬೇಕು. ಟ್ವೀಡ್‌ನ ಋತು ನವೆಂಬರ್ 30ರವರೆಗೆ ಇದ್ದರೂ ಶರತ್ಕಾಲದಲ್ಲಿ ಅಲ್ಲಿನ ಹೆಸರಾಂತ ಬೀಟ್‌ಗಳ ದಿನದ ದರ ಈ ಇಬ್ಬರ ಲೆಕ್ಕಕ್ಕೆ ನಿಲುಕದು. ಅನುಭವಿಯೊಬ್ಬರು, ಹೊಸಬರೊಬ್ಬರು, ಮೂರೇ ದಿನ, ಮೇ ತಿಂಗಳು ಎಂದಾಗ ಡೀ ನಡುಭಾಗವೇ ಸರಿಯಾದ ಆಯ್ಕೆ.

ಬುಧವಾರ ಸಂಜೆ ಹೊರಡುವ ಮೊದಲು ಬೀಟ್‌ನ ಪುಸ್ತಕದಲ್ಲಿ ಮೀನು, ಮಡು, ಫ್ಲೈ, ನೀರಿನ ಮಟ್ಟ ಬರೆಯಬೇಕು. ಏನೂ ಸಿಗದಿದ್ದರೆ ಎರಡು ಗಾಳ, ಮೂರು ದಿನ, ಸೊನ್ನೆ ಎಂದಾದರೂ ಬರೆಯಬೇಕು. ಗಾಳದಿನದ ಲೆಕ್ಕ ನಿಜವಾಗುವುದು ಈ ಸೊನ್ನೆಗಳಿಂದಲೇ. ಮುಂದಿನ ವರ್ಷ ಅದೇ ವಾರ ಬೇಕಿದ್ದರೆ ಆಗಲೇ ಗಿಲ್ಲಿಗೆ ಹೇಳಿ ಹೆಸರು ಬರೆಸುವುದು ಒಳ್ಳೆಯದು. ಒಳ್ಳೆಯ ವಾರಗಳನ್ನು ಮೊದಲು ಕೇಳುವುದು ಹಿಂದಿನ ವರ್ಷ ಇದ್ದವರನ್ನೇ. ಅವರು ಬೇಡವೆಂದ ಮೇಲೆಯೇ ಆ ದಿನಗಳು ಹೊರಗಿನವರಿಗೆ ಕಾಣುತ್ತವೆ.